ಮನೆ ಹುಬ್ಬಳ್ಳಿ, ಕೆಲಸ ಧಾರವಾಡ: ಬಾಡಿಗೆ ಹಿಡಿಯುವ ಮುಂಚೆ ಏನೇನು ನೋಡಬೇಕು?

ನಾವು ಹಾವೇರಿಯವರು. ಜೂನ್‌ಗೆ ಹುಬ್ಬಳ್ಳಿಗೆ ಬರುತ್ತಿದ್ದೇವೆ. ನಮ್ಮನೆಯವರ ಕೆಲಸ ಹುಬ್ಬಳ್ಳಿಯಲ್ಲಿ, ನನ್ನದು ಧಾರವಾಡದಲ್ಲಿ. ಇಬ್ಬರು ಮಕ್ಕಳು. ಇಲ್ಲಿಯವರೆಗೆ ಸ್ವಂತ ಮನೆಯಲ್ಲೇ ಇದ್ದವರು, ಅಪಾರ್ಟ್‌ಮೆಂಟ್ ಹೇಗಿರುತ್ತದೆ ಅಂತ ಗೊತ್ತಿಲ್ಲ. ಓಡಾಟ, ನೀರು, ರಿಪೇರಿ, ಇದರಲ್ಲಿ ಪಾಡು ಪಟ್ಟವರು ಹೇಳ್ರಿ.

*

ಹನ್ನೊಂದು ವರ್ಷದಲ್ಲಿ ಮೂರು ಮನೆ ಬದಲಿಸಿದ್ದೇನೆ ಅಕ್ಕಾರೆ, ಮೂರೂ ಸಲ ನೀರಿಗಾಗಿಯೇ. ಬ್ರೋಕರ್ ನಿಮಗೆ ಬಾಲ್ಕನಿ ತೋರಿಸುತ್ತಾನೆ. ನೀವು ಸಂಪಿನ ಮುಚ್ಚಳ ತೆಗೆಸಿ.

ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಡ್ಯಾಮಿನಿಂದ, ಒಂದಿಷ್ಟು ನೀರಸಾಗರ ಕೆರೆಯಿಂದ. 2008ರ ಹೊತ್ತಿಗೇ ಕೆಲವು ವಾರ್ಡುಗಳಲ್ಲಿ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಗಿತ್ತು. ಅಂಥ ಕಡೆ ಮನೆ ಸಿಕ್ಕರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ‘ನೀರಿನ ದಿನ’ ಅಂತ ಒಂದು ಇರುತ್ತದೆ. ನಮ್ಮ ಓಣಿಯಲ್ಲಿ ಬೀಗರನ್ನು ಊಟಕ್ಕೆ ಕರೆಯುವ ಮುಂಚೆ ಕ್ಯಾಲೆಂಡರ್ ಅಲ್ಲ, ನೀರಿನ ದಿನ ನೋಡುತ್ತಿದ್ದರು.

ಮೊದಲ ಮನೆಯ ಓನರ್ “ನೀರಿಗೇನೂ ತೊಂದರೆ ಇಲ್ರಿ” ಅಂದಿದ್ದರು. ಸುಳ್ಳಲ್ಲ, ಅವರು ಇದ್ದದ್ದು ಕೆಳಗಿನ ಮನೆಯಲ್ಲಿ! ನಮಗೆ ನಸುಕಿನ ಎರಡೂವರೆಗೆ ನಳ ಮೊದಲು ಗುರ್ರ್ ಅನ್ನುತ್ತಿತ್ತು, ಆಮೇಲೆ ಕೆಮ್ಮುತ್ತಿತ್ತು, ಆಮೇಲೆ ಚಹಾದ ಬಣ್ಣದ ನೀರು. ಮೊದಲ ಎರಡು ಬಕೆಟ್ ಬಚ್ಚಲಿಗೆ, ತಿಳಿಯಾದ ಮೇಲೆ ಕುಡಿಯುವುದಕ್ಕೆ. ಅಷ್ಟರಲ್ಲಿ ಕೆಳಗಿನವರ ಮೋಟಾರ್ ಶುರುವಾದರೆ ನಮ್ಮ ನಳ ದಾರದಷ್ಟು ಸಣ್ಣಗಾಗುತ್ತಿತ್ತು.

ಹಾಗಾಗಿ ಲೆಕ್ಕ ಹಾಕಿಕೊಂಡೇ ಮನೆ ನೋಡಿ. ಸರಕಾರಿ ಲೆಕ್ಕದಲ್ಲಿ ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್. ನಿಮ್ಮ ಮನೆಗೆ ನಾಲ್ಕು ಜನ, 540 ಲೀಟರ್. ಕಟ್ಟಡದಲ್ಲಿ ಹನ್ನೆರಡು ಮನೆ, ಆರು ದಿನಕ್ಕೊಮ್ಮೆ ನೀರು ಅಂದರೆ ಸುಮಾರು 39 ಸಾವಿರ ಲೀಟರ್ ಹಿಡಿಯುವ ಸಂಪು ಬೇಕು. ಸಂಪಿನ ಉದ್ದ, ಅಗಲ, ಆಳ ಫೂಟಿನಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಒಂದು ಕೋಲು ಇಳಿಸಿ ಎಲ್ಲಿಯವರೆಗೆ ಒದ್ದೆಯಾಯಿತು ನೋಡಿ. ಮತ್ತೆ, ಓನರ್‌ನ ಕೇಳಬೇಡಿ. ಎದುರಿನ ಇಸ್ತ್ರಿ ಅಂಗಡಿಯವನನ್ನು ಕೇಳಿ. ಟ್ಯಾಂಕರ್ ಎಷ್ಟು ಸಲ ಬರುತ್ತದೆ ಅಂತ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಬೋರ್ ಇದೆ ಅಂದರೆ ಖುಷಿಪಡುವ ಮೊದಲು ಗೀಸರ್ ಎಷ್ಟು ವರ್ಷದ್ದು, ಕಾಯಿಲ್ ಎಷ್ಟು ಸಲ ಬದಲಿಸಿದ್ದಾರೆ ವಿಚಾರಿಸಿ. ಸವಳು ನೀರಾದರೆ ನಳದ ಬಾಯಿಗೆ ಬಿಳಿ ಪಟ್ಟು ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಗೊತ್ತಾಗುತ್ತದೆ.

*

ಮೇಲಿನ ಅಣ್ಣಾರು ಹೇಳಿದ್ದು ಖರೆ, ಆದರೆ ನನಗೆ ಓಡಾಟವೇ ಮೊದಲು. ನೀರು ವಾರಕ್ಕೊಮ್ಮೆ ಕಾಡುತ್ತದೆ, ದಾರಿ ದಿನಕ್ಕೆ ಎರಡು ಸಲ.

ನಾನು ಉಣಕಲ್‌ನಿಂದ ಧಾರವಾಡದ ಜುಬಿಲಿ ಸರ್ಕಲ್‌ಗೆ ಹೋಗಿ ಬರುವವಳು. 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಅನ್ನುವ ಬಿಆರ್‌ಟಿಎಸ್ ಬಸ್ಸು ಓಡಲು ಶುರುವಾದ ಮೇಲೆ ಬದುಕು ಸ್ವಲ್ಪ ಹಗುರಾಗಿದೆ. ಅದಕ್ಕೆ ಅದರದೇ ದಾರಿ ಇದೆ. ಆದರೆ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಈ ಕಡೆಯಿಂದ ಬರಲಿ, ಆ ಕಡೆಯಿಂದ ಬರಲಿ, ಅರ್ಧ ರಸ್ತೆ ದಾಟಲೇಬೇಕು. ಆಮೇಲೆ ಟಿಕೆಟ್ ತೆಗೆದು ಒಳಗೆ. ಶುರುವಿನಲ್ಲಿ ನಾನು ಬಸ್ಸಿನ ಸಮಯ ಮಾತ್ರ ಲೆಕ್ಕ ಹಾಕುತ್ತಿದ್ದೆ. ದಿನಾ ನನ್ನ ಕಣ್ಣೆದುರೇ ಬಾಗಿಲು ಮುಚ್ಚಿಕೊಂಡು ಹೋಗುತ್ತಿತ್ತು, ನಾನು ಇನ್ನೂ ರಸ್ತೆಯ ಈಚೆ!

ಮನೆ ನೋಡುವಾಗ ನಿಮ್ಮ ಬಾಗಿಲಿನಿಂದ ಪ್ಲಾಟ್‌ಫಾರ್ಮಿನವರೆಗೆ ನಡೆದು ನೋಡಿ, ಬೆಳಿಗ್ಗೆ ಒಂಬತ್ತಕ್ಕೇ. ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ ಎಲ್ಲ ಈ ದಾರಿಯಲ್ಲೇ ಇವೆ. ನಿಮ್ಮಂಥ ಒಬ್ಬೊಬ್ಬರದು ಒಂದೊಂದು ಊರಾದವರಿಗೆ ನವನಗರದ ಸುತ್ತ ಚಲೋ. ನನ್ನ ಗೆಳತಿ ಕಡಿಮೆ ಬಾಡಿಗೆ, ದೊಡ್ಡ ಮನೆ ಅಂತ ದೂರ ಒಳಗೆ ಹೋದಳು. ಈಗ ಅವಳಿಗೆ ಬಸ್ ಟಿಕೆಟ್‌ಗಿಂತ ಆಟೋಗೇ ಜಾಸ್ತಿ ಆಗುತ್ತದೆ.

ಇನ್ನೊಂದು, ಚಿಗರಿ ಎಸಿ ಬಸ್ಸು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸಿಗೆ ಇಲ್ಲ. ಆಧಾರ್ ಪರ್ಸಿನಲ್ಲಿ ಇಟ್ಟುಕೊಂಡಿರಿ, ಗಡಿಬಿಡಿ ಇಲ್ಲದ ದಿನ ಸಾದಾ ಬಸ್ಸು ಹತ್ತಿ. ತಿಂಗಳ ಕೊನೆಯ ವಾರ ನನಗೆ ಗಡಿಬಿಡಿ ಇರುವುದೇ ಇಲ್ಲ.

*

ಹುಬ್ಬಳ್ಳಿಯ ಎರೆ ನೆಲದ ಕಡೆ ಮನೆಯಾದರೆ ಗೋಡೆ ಬಿರುಕು ನೋಡಿ. ಬೇಸಿಗೆಯಲ್ಲಿ ಆ ಮಣ್ಣು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗಿಲಾವಿನ ಕೂದಲಿನಂಥ ಗೆರೆಗೆ ಹೆದರಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದು, ನಾಣ್ಯ ತೂರುವಷ್ಟು ಇದ್ದರೆ ಆ ಮನೆ ಬೇಡ.

*

ರಿಪೇರಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಬಚ್ಚಲಿನ ಚಾವಣಿ ಸೋರುತ್ತಿತ್ತು. ಮೇಲಿನ ಮನೆಯವರು “ನಮ್ಮದಲ್ಲ, ಪೈಪಿನದು” ಅಂದರು. ಕಮಿಟಿಯವರು “ನೀವು ನೀವು ಬಗೆಹರಿಸಿಕೊಳ್ಳಿ” ಅಂದರು. ಎಂಟು ತಿಂಗಳು ನಾವು ಕೊಡೆ ಹಿಡಿಯುವುದೊಂದು ಬಾಕಿ.

ಕೊನೆಗೆ ಒಬ್ಬ ವಯಸ್ಸಾದ ಗೌಂಡಿ ದಾರಿ ತೋರಿಸಿದ. ದಿನವಿಡೀ ಒಂದೇ ಸಮ ತೊಟ್ಟಿಕ್ಕಿದರೆ ನೀರು ತರುವ ಪೈಪು. ಯಾರಾದರೂ ಸ್ನಾನ ಮಾಡಿದ ಮೇಲೆ ಮಾತ್ರ ತೊಟ್ಟಿಕ್ಕಿದರೆ ನೀರು ಹೋಗುವ ಜಾಗ, ಅಂದರೆ ನಹನಿ ಟ್ರ್ಯಾಪ್ (ಬಚ್ಚಲಿನ ಜಾಲಿಯ ಕೆಳಗಿನದು) ಅಥವಾ ನೆಲದ ಸಂದು. ರಂಗಪಂಚಮಿಗೆ ಉಳಿದಿದ್ದ ಗುಲಾಬಿ ಬಣ್ಣ ಕಲಸಿ ಮೇಲಿನವರ ಜಾಲಿಯಲ್ಲಿ ಸುರಿದೆವು, ಅವರೂ ನಿಂತು ನೋಡುತ್ತಿದ್ದರು. ಮರುದಿನ ನಮ್ಮ ಚಾವಣಿಯಲ್ಲಿ ಗುಲಾಬಿ ಹನಿ. ಜಗಳ ಅಲ್ಲಿಗೆ ಮುಗಿಯಿತು, ಅರ್ಧ ಖರ್ಚು ಅವರೇ ಕೊಟ್ಟರು.

ಕಟ್ಟಡ ಹೊಸದಾದರೆ ಓನರ್‌ಗೆ ಒಂದು ಮಾತು ನೆನಪಿಸಿ. 2016ರ ರೇರಾ ಕಾಯ್ದೆ ಪ್ರಕಾರ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ, ಬರೆದು ಕೊಡಿಸಿ.

*

ಎಲ್ಲರಿಗೂ ಭಾಳ ಉಪಕಾರ ಆಯಿತು. ನಿನ್ನೆ ಒಂದು ಮನೆ ನೋಡಿದೆವು, ಬಾಲ್ಕನಿ ಮಸ್ತ್ ಇತ್ತು. ಸಂಪಿನ ಮುಚ್ಚಳ ತೆಗೆಸಿ ಅಂದದ್ದಕ್ಕೆ ಬ್ರೋಕರ್ ನಮ್ಮನೆಯವರ ಮುಖ ನೋಡಿದ. ಕೋಲು ಇಳಿಸಿದರೆ ಒಂದು ಗೇಣು ಒದ್ದೆ. ನೀರು ಬಂದದ್ದು ಮೊನ್ನೆಯಂತೆ.