ಕರು ಬೇಧಿ ಸ್ಯಾಂಪಲ್: ಸ್ಟ್ರಿಪ್‌ನಲ್ಲಿ ರೋಟಾ ಪಾಸಿಟಿವ್, ಆರ್‌ಟಿ-ಪಿಸಿಆರ್‌ನಲ್ಲಿ ನೆಗೆಟಿವ್, ಯಾಕೆ?

ಬೆಂಚ್_ಲ್ಯಾಬ್:
ನಮಸ್ಕಾರ ಎಲ್ರಿಗೂ. ಒಂದರಿಂದ ಮೂರು ವಾರದ ಕರುಗಳ ಬೇಧಿ ಸ್ಯಾಂಪಲ್ ಟೆಸ್ಟ್ ಮಾಡ್ತಿದೀವಿ. ಸ್ಟ್ರಿಪ್ ಕಿಟ್‌ನಲ್ಲಿ (ವೈರಸ್‌ನ ಪ್ರೋಟೀನ್ ಹಿಡಿಯೋ ಪಟ್ಟಿ) ರೋಟಾವೈರಸ್ ಗೆರೆ ದಪ್ಪಗೆ ಬರತ್ತೆ, ಅದೇ ಸಗಣಿಯಿಂದ ಆರ್‌ಎನ್‌ಎ ತೆಗೆದು ಆರ್‌ಟಿ-ಪಿಸಿಆರ್ (ವೈರಸ್‌ನ ಆರ್‌ಎನ್‌ಎನ ಡಿಎನ್‌ಎ ಮಾಡಿ, ಹೆಚ್ಚಿಸಿ ನೋಡೋ ಟೆಸ್ಟ್) ಹಾಕಿದ್ರೆ ಜೆಲ್ ಖಾಲಿ, ಬ್ಯಾಂಡೇ ಇಲ್ಲ. ದನಗಳ ಕೊರೊನಾವೈರಸ್ ಮಾತ್ರ ಅದೇ ಪ್ರೋಟೋಕಾಲ್‌ನಲ್ಲಿ ಚೆನ್ನಾಗಿ ಬರ್ತಿದೆ. ಪ್ರೈಮರ್ (ವೈರಸ್‌ನ ಎಳೆಗೆ ಅಂಟಿ ಕಾಪಿ ಶುರು ಮಾಡೋ ಚಿಕ್ಕ ಡಿಎನ್‌ಎ ತುಂಡು) ಹೊಸದು ತರಿಸಿದ್ದಾಯ್ತು, ಫಲಿತಾಂಶ ಅದೇ. ರಿಪೋರ್ಟ್‌ನಲ್ಲಿ ಏನು ಬರೀಬೇಕು ಅಂತಾನೇ ಗೊತ್ತಾಗ್ತಿಲ್ಲ.

ಜೆಲ್_ಡಾಕ್:
ಸಗಣಿಲಿರೋ ಪಿತ್ತದ ಲವಣ, ನಾರಿನಂಶ ಎಲ್ಲ ಎನ್‌ಜೈಮ್‌ನ ತಡೆದುಬಿಡತ್ತೆ. ಆರ್‌ಎನ್‌ಎನ ಹತ್ತು ಪಟ್ಟು ತೆಳು ಮಾಡಿ ಹಾಕಿ ನೋಡಿದ್ರಾ? ರಿಯಾಕ್ಷನ್ ಸರಿಯಾಗಿ ನಡೀತಾ ಅಂತ ತೋರಿಸೋ ಇಂಟರ್ನಲ್ ಕಂಟ್ರೋಲ್ ಬರ್ತಿದ್ಯಾ?

ಬೆಂಚ್_ಲ್ಯಾಬ್:
ತೆಳು ಮಾಡಿದ್ರೂ ಅಷ್ಟೇ ಸರ್. ಇಂಟರ್ನಲ್ ಕಂಟ್ರೋಲ್ ನೀಟಾಗಿ ಬರ್ತಿದೆ, ಪಾಸಿಟಿವ್ ಕಂಟ್ರೋಲ್ ಪ್ಲಾಸ್ಮಿಡ್ (ರೋಟಾ ಜೀನ್ ತುಂಡು ಸೇರಿಸಿರೋ ಉಂಗುರದಂಥ ಡಿಎನ್‌ಎ), ಅದೂ ಬರ್ತಿದೆ. ಅದಕ್ಕೇ ತಲೆಕೆಟ್ಟಿರೋದು.

ವೈರಾಲಜಿ_ಮೇಷ್ಟ್ರು:
ಕೊರೊನಾ ಬಂದು ರೋಟಾ ಬರ್ತಿಲ್ಲ ಅಂದ್ರೆ ನಾನು ಮೊದಲು ನೋಡೋದು ಬಿಸಿ ಮಾಡೋ ಸ್ಟೆಪ್. ಕೊರೊನಾದು ಒಂಟಿ ಎಳೆ ಆರ್‌ಎನ್‌ಎ, ರೋಟಾದು ಜೋಡಿ ಎಳೆ, ಅದೂ 11 ತುಂಡು. ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ (ಆರ್‌ಟಿ, ಆರ್‌ಎನ್‌ಎಯಿಂದ ಡಿಎನ್‌ಎ ಮಾಡೋ ಸ್ಟೆಪ್) ನಡೆಯೋದು 42, 50 ಡಿಗ್ರಿ ಹತ್ರ, ಆ ಬಿಸಿಗೆ ಜೋಡಿ ಎಳೆ ಬಿಚ್ಕೊಳ್ಳಲ್ಲ, ಪ್ರೈಮರ್ ಕೂರೋಕೆ ಜಾಗಾನೇ ಸಿಗಲ್ಲ. ಆರ್‌ಎನ್‌ಎ ಜೊತೆ ಪ್ರೈಮರ್ ಮಾತ್ರ ಸೇರಿಸಿ 95 ಡಿಗ್ರಿಲಿ 5 ನಿಮಿಷ ಇಡಿ, ತೆಗೆದ ತಕ್ಷಣ ಐಸ್ ಮೇಲೆ ಅದುಮಿ, ಬೆಂಚ್ ಮೇಲೆ ನಿಧಾನಕ್ಕೆ ಆರೋಕೆ ಬಿಟ್ರೆ ಎಳೆಗಳು ಮತ್ತೆ ಜೋಡಿಯಾಗ್ತವೆ. ಎನ್‌ಜೈಮ್ ಆಮೇಲೇ ಹಾಕಿ, ಮೊದಲೇ ಹಾಕಿದ್ರೆ ಅದು ಸತ್ತೋಗತ್ತೆ.

ನಿಮ್ಮ ಕಂಟ್ರೋಲ್‌ಗಳು ಇದನ್ನ ಹಿಡಿಯೋಕಾಗಲ್ಲ, ಅದು ಗಮನಿಸಿ. ಪ್ಲಾಸ್ಮಿಡ್ ಡಿಎನ್‌ಎ ಆಗಿರೋದ್ರಿಂದ ಆರ್‌ಟಿ ಸ್ಟೆಪ್ ಕೆಟ್ರೂ ಬ್ಯಾಂಡ್ ಕೊಡತ್ತೆ, ಇಂಟರ್ನಲ್ ಕಂಟ್ರೋಲ್ ಸಾಮಾನ್ಯವಾಗಿ ಒಂಟಿ ಎಳೆ ಆಗಿರತ್ತೆ. ಪ್ರತಿ ರನ್‌ಗೂ ಗೊತ್ತಿರೋ ಒಂದು ರೋಟಾ ಪಾಸಿಟಿವ್ ಸಗಣಿನ ಆರ್‌ಎನ್‌ಎ ತೆಗೆಯೋ ಹಂತದಿಂದಲೇ ಜೊತೆಗೆ ನಡೆಸಿ. ಅನುಮಾನ ಇದ್ರೆ ಆರ್‌ಎನ್‌ಎ-ಪೇಜ್ (ಆ 11 ತುಂಡುಗಳನ್ನ ಉದ್ದದ ಪ್ರಕಾರ ಬೇರ್ಪಡಿಸೋ ಜೆಲ್) ಓಡಿಸಿ ಸಿಲ್ವರ್ ಸ್ಟೇನ್ ಮಾಡಿ, ಎ ಗುಂಪಿನ ರೋಟಾ ಆದ್ರೆ 4-2-3-2 ಅಂತ ಗುಂಪುಗುಂಪಾಗಿ ಗೆರೆಗಳು ಕಣ್ಣಿಗೇ ಕಾಣ್ತವೆ. ವೈರಸ್ ಜಾಸ್ತಿ ಇರೋ ಸ್ಯಾಂಪಲ್‌ನಲ್ಲಿ ಮಾತ್ರ ಕಾಣತ್ತೆ, ಆದ್ರೆ ಪ್ರೈಮರ್ ಮೇಲೆ ಅನುಮಾನ ಬಂದಾಗ ಇದಕ್ಕಿಂತ ನಂಬಿಕಸ್ಥ ಟೆಸ್ಟ್ ನನಗಂತೂ ಸಿಕ್ಕಿಲ್ಲ.

ಫೀಲ್ಡ್_ವೆಟ್:
ಮಧ್ಯೆ ಒಂದು ಮಾತು. ರಿಪೋರ್ಟ್ ಬರಲಿ ಅಂತ ಯಾರೂ ಕಾಯ್ಬೇಡಿ ಪ್ಲೀಸ್. ಕಣ್ಣು ಗುಳಿ ಬಿದ್ದಿದ್ರೆ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಹಾಗೇ ನಿಂತ್ಕೊಂಡ್ರೆ ಆ ಕರುಗೆ ಆಗ್ಲೇ ನೀರು, ಲವಣ ಹೋಗ್ಬೇಕು, ಎದ್ದು ನಿಲ್ಲೋಕೂ ಆಗ್ತಿಲ್ಲ ಅಂದ್ರೆ ಡ್ರಿಪ್ಪೇ ಬೇಕು. ಟೆಸ್ಟು ಉಳಿದ ಕರುಗಳಿಗೆ, ಮುಂದಿನ ಸಲ ಗಬ್ಬದ ಹಸುಗಳಿಗೆ ಲಸಿಕೆ ಹಾಕೋ ತೀರ್ಮಾನಕ್ಕೆ. ಇನ್ನೊಂದು, ಚೆನ್ನಾಗಿರೋ ಕರುನೂ ರೋಟಾ ಹೊರಗೆ ಹಾಕ್ತಿರತ್ತೆ, ಹಾಗಾಗಿ ರೋಟಾ ಸಿಕ್ತು ಅಂತ ಅಲ್ಲಿಗೇ ನಿಲ್ಲಿಸ್ಬೇಡಿ, ಈ ವಯಸ್ಸಲ್ಲಿ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಕರುಳಿನ ಪರಾವಲಂಬಿ ಜೊತೆಗಿರೋದು ತುಂಬಾ ಮಾಮೂಲು, ಅದನ್ನ ಸೂಕ್ಷ್ಮದರ್ಶಕದಲ್ಲಿ ತೋರಿಸೋ ಒಂದು ಆ್ಯಸಿಡ್-ಫಾಸ್ಟ್ ಸ್ಟೇನ್ ಮಾಡಿ ನೋಡಿ. ಕ್ರಿಪ್ಟೋ ಮನುಷ್ಯರಿಗೂ ಅಂಟತ್ತೆ, ಗ್ಲೌಸ್ ಇಲ್ದೆ ಮುಟ್ಬೇಡಿ.

ಬೆಂಚ್_ಲ್ಯಾಬ್:
ಮೇಷ್ಟ್ರೇ, ಬಂತು! 95 ಡಿಗ್ರಿ, ಐಸ್, ಆಮೇಲೆ ಎನ್‌ಜೈಮ್. ಸ್ಟ್ರಿಪ್ ಪಾಸಿಟಿವ್ ಇದ್ದಿದ್ರಲ್ಲಿ ಬಹುತೇಕ ಎಲ್ಲದಕ್ಕೂ ಬ್ಯಾಂಡ್ ಇದೆ. ತುಂಬಾ ಥ್ಯಾಂಕ್ಸ್. ಸ್ಟ್ರಿಪ್ಪಲ್ಲೂ ಪಿಸಿಆರ್‌ನಲ್ಲೂ ಏನೂ ಸಿಗದೆ ಇರೋ ಕೆಲವು ಸ್ಯಾಂಪಲ್ ಇವೆ, ನೆಲದ ಮೇಲಿಂದ ತೆಗೆದಿದ್ದು, ಬೇಧಿ ಶುರುವಾಗಿ ವಾರದ ಹತ್ರ ಆಗಿತ್ತಂತೆ. ಇವನ್ನ ನೆಗೆಟಿವ್ ಅಂತ ಕೊಡ್ಲಾ?

ಫೀಲ್ಡ್_ವೆಟ್:
‘ಈ ಸ್ಯಾಂಪಲ್‌ನಲ್ಲಿ ಪತ್ತೆಯಾಗಿಲ್ಲ, ತಡವಾಗಿ ತೆಗೆದದ್ದು’ ಅಂತ ಬರೀರಿ. ಅದೇ ಕೊಟ್ಟಿಗೆಲಿ ಹೊಸದಾಗಿ ಬೇಧಿ ಶುರುವಾದ ಕರುಗಳಿಂದ ಮೊದಲ ಒಂದೆರಡು ದಿನದೊಳಗೆ, ನೇರ ಗುದದಿಂದ, ಒಂದಲ್ಲ ನಾಲ್ಕೈದು ಕರುದು ಕೇಳಿ. ಫಾರ್ಮಲಿನ್ ಹಾಕಿ ಕಳಿಸ್ಬೇಡಿ ಅನ್ನಿ, ಐಸ್ ಬಾಕ್ಸಲ್ಲಿ ಬರಲಿ, ಫ್ರೀಜ್ ಮಾಡಿ ಕರಗಿಸಿ ಮತ್ತೆ ಫ್ರೀಜ್ ಮಾಡೋದು ಬೇಡ.