ಸಿವಿಲ್ ಬ್ಯಾಚ್, ಹಾಸನ: ಸೀಲು ಒತ್ತಿದವರು ಯಾರು?

(ಸಿವಿಲ್ ಇಂಜಿನಿಯರ್‌ಗಳ ಫೋನ್ ಗುಂಪು. ಒಬ್ಬೊಬ್ಬರನ್ನೂ ಅವರ ಊರಿನ ಹೆಸರಿನಿಂದ ಕರೆದಿದೆ.)

ಅರಸೀಕೆರೆ: (ವಿಡಿಯೋ) ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್, 1981ರ ಜುಲೈ 17. ಕೆಳಗೆ ಲಾಬಿಯಲ್ಲಿ ಡ್ಯಾನ್ಸ್ ಪಾರ್ಟಿ. ಮೇಲೆ ರಾಡಿಗೆ ತೂಗುಹಾಕಿದ್ದ ಎರಡು ಕಾಲುಸೇತುವೆ ಕಳಚಿ ಬಿದ್ದವು. 114 ಜನ ಸತ್ತರು. ಉಕ್ಕಿನ ಕೆಲಸದವರು ಡಿಸೈನ್ ಬದಲಾಯಿಸಿದ್ದೇ ಕಾರಣ.

ಸಕಲೇಶಪುರ: ಮತ್ತೇನು! ನಾವು ಬರೆದುಕೊಡುವುದೊಂದು, ಅವರು ಮಾಡುವುದೊಂದು. ಬೈಗುಳ ಮಾತ್ರ ನಮಗೆ.

ಬೇಲೂರು: ನಾನಂತೂ ಇದನ್ನು ಒಪ್ಪಲ್ಲ. ಪೂರ್ತಿ ನೋಡಿದ್ದೀರಾ?

ಮೊದಲ ಡ್ರಾಯಿಂಗಿನಲ್ಲಿ ಚಾವಣಿಯಿಂದ ಒಂದೇ ಉದ್ದ ರಾಡ್. ನಾಲ್ಕನೇ ಮಹಡಿಯ ಸೇತುವೆ, ಅದರಡಿ ಎರಡನೇ ಮಹಡಿಯದು, ಎರಡೂ ಅದಕ್ಕೇ. ಅಷ್ಟುದ್ದಕ್ಕೂ ಥ್ರೆಡ್ ಹಾಕಿ ನಟ್ ತಿರುಗಿಸುವುದು ಕಷ್ಟ ಅಂತ ಎರಡು ರಾಡ್ ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನದಕ್ಕೇ ತೂಗುಹಾಕಿದರು. ಬಾವಿ ಹಗ್ಗಕ್ಕೆ ಎರಡು ಕೊಡ ಬೇರೆ ಬೇರೆ ಕಟ್ಟುವುದು ಒಂದು. ಮೇಲಿನ ಕೊಡದ ಕುತ್ತಿಗೆಗೇ ಕೆಳಗಿನದನ್ನು ಕಟ್ಟುವುದು ಇನ್ನೊಂದು. ಹಗ್ಗಕ್ಕೆ ಅದೇ ಭಾರ, ಆ ಕುತ್ತಿಗೆಗೆ ಡಬಲ್. ಇಲ್ಲಿ ಆ ಕುತ್ತಿಗೆ ನಾಲ್ಕನೇ ಮಹಡಿಯ ಬಾಕ್ಸ್ ಬೀಮ್ (ಒಳಗೆ ಟೊಳ್ಳಾದ ಉಕ್ಕಿನ ತೊಲೆ), ನಟ್ ಕೂರುವ ಜಾಗ. ಬೀಮ್ ಸೀಳಿಕೊಂಡು ನಟ್ ದಾಟಿ ಕೆಳಗೆ ಜಾರಿತು.

ಆದರೆ ಬದಲಾದ ಶಾಪ್ ಡ್ರಾಯಿಂಗ್, ಅಂದರೆ ಉಕ್ಕಿನವರು ತಯಾರಿಗೆ ಮಾಡಿಕೊಳ್ಳುವ ನಕ್ಷೆ, ಇಂಜಿನಿಯರ್ ಆಫೀಸಿಗೆ ಬಂದಿತ್ತು. ನೋಡಿದ್ದೇವೆ ಅಂತ ಸೀಲೂ ಬಿದ್ದಿತ್ತು! ಫೋನಿನಲ್ಲಿ ಕೇಳಿ ಒಪ್ಪಿಗೆ ತಗೊಂಡಿದ್ದೆವು ಅಂತ ಉಕ್ಕಿನವರು, ಇಲ್ಲ ಅಂತ ಇಂಜಿನಿಯರ್‌ಗಳು. ಆ ಕನೆಕ್ಷನ್ ಲೆಕ್ಕ ಮಾತ್ರ ಯಾರೂ ಮಾಡಿರಲಿಲ್ಲ. ತನಿಖೆಯಲ್ಲಿ ಮೊದಲಿನ ಡಿಸೈನಿಗೂ ಕಟ್ಟಡ ನಿಯಮ (ಕೋಡ್) ಕೇಳುವ ಬಲದ ಸುಮಾರು ಶೇಕಡ 60 ಅಷ್ಟೇ ಇತ್ತು ಅಂತ ಗೊತ್ತಾಯಿತು. ಮಿಸೌರಿಯಲ್ಲಿ ಲೈಸೆನ್ಸ್ ಕಳೆದುಕೊಂಡವರು ಇಬ್ಬರು ಇಂಜಿನಿಯರ್‌ಗಳು.

ಸಕಲೇಶಪುರ: ನೂರಾರು ಹಾಳೆ ಬರುತ್ತವೆ ಮಾರಾಯ. ಒಂದೊಂದು ನಟ್ ನೋಡುತ್ತಾ ಕೂತರೆ ಕೆಲಸ ಮುಗಿಯುತ್ತಾ?

ಬೇಲೂರು: ಭಾರ ಹೊರುವ ನಟ್ ನೋಡಲೇಬೇಕು. ಹೋದ ಮಳೆಗಾಲ ನಾನು ಹಾಸನ ಬಸ್ ಸ್ಟ್ಯಾಂಡಿನಲ್ಲಿದ್ದೆ. ಮೇಸ್ತ್ರಿ ಫೋಟೋ ಹಾಕಿ ಕೇಳಿದ: ‘ಸಾರ್, ಪೋರ್ಟಿಕೋ ಕ್ಯಾಂಟಿಲಿವರ್ ಬೀಮಿಗೆ 16 ಎಂಎಂ ಕಂಬಿ ಸಿಗಲಿಲ್ಲ, 12 ಹಾಕ್ಲಾ?’ ಒಂದೇ ತುದಿಯಲ್ಲಿ ಆಧಾರವಿರುವ ತೊಲೆ ಅದು. ಬಸ್ ಹತ್ತುವ ಗಡಿಬಿಡಿ. ಸುಮ್ನೆ ಹೆಬ್ಬೆರಳು ಒತ್ತಿಬಿಟ್ಟೆ. ಚನ್ನರಾಯಪಟ್ಟಣ ದಾಟಿದ ಮೇಲೆ ಎದೆ ಧಸಕ್ಕೆಂದಿತು. ಕಂಬಿ ಮೊದಲಿನಷ್ಟೇ, ನಾಲ್ಕು. ಒಂದೊಂದರಲ್ಲಿ 201 ಚದರ ಮಿಲಿಮೀಟರ್ ಉಕ್ಕು ಇರಬೇಕಾದ ಕಡೆ 113. ಫೋನ್ ಮಾಡಿ ಕಾಂಕ್ರೀಟ್ ನಿಲ್ಲಿಸಿದೆ. ಮಿಕ್ಸರ್ ಆಗಲೇ ತಿರುಗುತ್ತಿತ್ತು. ಮೇಸ್ತ್ರಿ ಕೇಳಿಯೇ ಮಾಡಿದ್ದ. ಹಾಕು ಅಂದವನು ನಾನು. ಆ ಬೀಮ್ ಬಿದ್ದಿದ್ದರೆ ‘ಸೈಟಿನವರು ಬದಲಾಯಿಸಿದರು’ ಅಂತ ನಾನೂ ಹೇಳುತ್ತಿದ್ದೆನೇನೋ. ಅದು ನೆನೆದರೆ ಈಗಲೂ ನಿದ್ದೆ ಬರಲ್ಲ.

ಅರಸೀಕೆರೆ: ವಿಡಿಯೋ ಜೊತೆ ನಾನು ಬರೆದ ಕೊನೆ ಸಾಲು ತಪ್ಪು. ಬೇರೆ ಗುಂಪಿಗೂ ಹಾಕಿದ್ದೆ, ಅಲ್ಲೂ ತಿದ್ದುತ್ತೇನೆ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ಸಕಲೇಶಪುರ: ಕಾಫಿ ಗೋಡೌನ್ ಟ್ರಸ್‌ದು (ಚಾವಣಿ ಹೊರುವ ಉಕ್ಕಿನ ಚೌಕಟ್ಟು) ಶಾಪ್ ಡ್ರಾಯಿಂಗ್ ಮೊನ್ನೆ ಬಂದಿದೆ. ಸೀಲು ಇನ್ನೂ ಒತ್ತಿಲ್ಲ. ಕೀಲು ಸೇರಿಸುವ ಗಸೆಟ್ ಪ್ಲೇಟಿನ ಹಾಳೆಯಲ್ಲಿ ಬೋಲ್ಟ್ ಕಡಿಮೆ ಮಾಡಿರುವ ಹಾಗೆ ಕಾಣುತ್ತಿದೆ. ನೀನೂ ಒಮ್ಮೆ ನೋಡ್ತೀಯಾ?

ಬೇಲೂರು: ಕಳಿಸು. ನೀನು ಮೊದಲು ಕೊಟ್ಟ ಡ್ರಾಯಿಂಗನ್ನೂ ಜೊತೆಗೆ ಹಾಕು.