ಮಳೆಗಾಲದಲ್ಲಿ ಟವೆಲ್ ಒಣಗುವುದಿಲ್ಲ: ಹಳೆಯ ಮನೆಯ ಬಚ್ಚಲಿಗೆ ಟವೆಲ್ ವಾರ್ಮರ್ ಹಾಕಿಸಬಹುದೇ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ನಮ್ಮದು ಟಿಳಕವಾಡಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಗೋಡೆಗಳಿರುವ ಹಳೆಯ ಮನೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗಣೇಶ ಚತುರ್ಥಿಯವರೆಗೂ ಟವೆಲ್ ಒಣಗುವ ಮಾತೇ ಇಲ್ಲ. ಬೆಳಿಗ್ಗೆ ಹರವಿದ್ದು ಮರುದಿನವೂ ತಣ್ಣಗೆ, ಮುಗ್ಗಲು ವಾಸನೆ. ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಬಿಸಿನೀರಿನ ಸ್ನಾನ ಮುಗಿಸಿ ಆ ಹಸಿ ಟವೆಲ್ ಸುತ್ತಿಕೊಂಡು ಅವರು ನಡುಗುವುದನ್ನು ನೋಡಲಾಗುವುದಿಲ್ಲ.

ಗೋಡೆಗೆ ಹಾಕುವ ಟವೆಲ್ ವಾರ್ಮರ್ (ಟವೆಲ್ ಹರವಲು ಬಿಸಿಯಾಗುವ ಕಂಬಿಗಳ ಚೌಕಟ್ಟು) ಕೊಳ್ಳಬೇಕೆಂದಿದ್ದೇನೆ. ಬಚ್ಚಲು 5 ಅಡಿಗೆ 7 ಅಡಿ. ಟೈಲ್ಸ್ ಹಾಕಿಸಿ ಹೆಚ್ಚು ಕಾಲವಾಗಿಲ್ಲ, ಒಡೆಸಲು ಮನಸ್ಸಿಲ್ಲ. ಮಾಳಿಗೆಯ ಮೇಲೆ ಸೋಲಾರ್ ಇದೆ, ಅದರ ಬಿಸಿನೀರನ್ನೇ ಇದರಲ್ಲಿ ಹರಿಸಬಹುದೇ? ಅಂಗಡಿಯವರು ‘ಗೀಸರ್ ಸಾಕೆಟ್‌ಗೇ ಚುಚ್ಚಿ’ ಎನ್ನುತ್ತಾರೆ. ಇದರಿಂದ ಗೃಹಜ್ಯೋತಿಯ ಮಿತಿ ದಾಟಿಹೋಗುತ್ತದೆಯೇ ಎಂಬ ಚಿಂತೆಯೂ ಇದೆ.

ಉತ್ತರ (ಎಲೆಕ್ಟ್ರಿಷಿಯನ್, ಶಹಾಪುರ)

ಅಕ್ಕಾ, ಗೀಸರ್ ಸಾಕೆಟ್‌ಗೆ ಮಾತ್ರ ಚುಚ್ಚಬೇಡಿ. ಆ ಪಾಯಿಂಟಿಗೆ ಸಾಮಾನ್ಯವಾಗಿ 16 ಅಥವಾ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಹಾಕಿರುತ್ತಾರೆ. 80 ವಾಟ್‌ನ ವಾರ್ಮರ್ ಎಂದು ಹಿಡಿದರೆ ಅದು ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಅದರ ತೆಳುವಾದ ವೈರು ಕಾದು ಕರಗುವ ಹಂತಕ್ಕೆ ಬಂದರೂ ಗೀಸರ್‌ನ ಎಂಸಿಬಿಗೆ ಅದು ತಿಳಿಯದೇ ಹೋಗಬಹುದು. ಮೇಲಾಗಿ ಪ್ಲಗ್ಗು, ಸಾಕೆಟ್ಟು ಎರಡೂ ನೀರು ಸಿಡಿಯುವ ಜಾಗದಲ್ಲಿ ಉಳಿಯುತ್ತವೆ.

ಸೋಲಾರ್ ವಿಚಾರ. ಚಳಿ ದೇಶಗಳಲ್ಲಿ ಬಾಯ್ಲರ್‌ನ ಬಿಸಿನೀರು ಮನೆಯ ತುಂಬ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ, ಟವೆಲ್ ಕಂಬಿಯೂ ಆ ಸುತ್ತಿನಲ್ಲೇ ಸೇರಿರುತ್ತದೆ. ನಮ್ಮಲ್ಲಿ ನಲ್ಲಿ ತಿರುಗಿಸಿದರೆ ಮಾತ್ರ ನೀರು ಹರಿಯುತ್ತದೆ. ಅದೂ ಅಲ್ಲದೆ ಟವೆಲ್ ಒಣಗದ ಜುಲೈ ತಿಂಗಳಲ್ಲೇ ಸೋಲಾರ್ ಟ್ಯಾಂಕೂ ತಣ್ಣಗಿರುತ್ತದೆ. ವಿದ್ಯುತ್ತಿನದನ್ನೇ ತೆಗೆದುಕೊಳ್ಳಿ.

ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಸಾದಾ ಕಬ್ಬಿಣಕ್ಕೆ ಕ್ರೋಮ್ ಲೇಪಿಸಿದ್ದು ಬೆಸುಗೆಯ ಜಾಗದಿಂದ ತುಕ್ಕು ಹಿಡಿಯುತ್ತದೆ, ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಕೇಳಿ. ಹಿಂಬದಿಯ ಚೀಟಿಯಲ್ಲಿ ಐಪಿಎಕ್ಸ್4 ಅಥವಾ ಅದಕ್ಕಿಂತ ಮೇಲಿನ ಗುರುತು ಇರಬೇಕು. ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತದೆ ಎಂದು ಅದರ ಅರ್ಥ. ಒಳಗೆ ದ್ರವ ತುಂಬಿದ್ದೂ ಸಿಗುತ್ತದೆ, ಬರಿಯ ತಂತಿ ಸುರುಳಿ ಇರುವುದೂ ಸಿಗುತ್ತದೆ. ನಿಮ್ಮ ಬಳಕೆಗೆ ಯಾವುದಾದರೂ ನಡೆಯುತ್ತದೆ. ಕಂಬಿಗಳ ನಡುವೆ ದಪ್ಪ ಟವೆಲ್ ಸಲೀಸಾಗಿ ತೂರುತ್ತದೆಯೇ ಎಂದು ಅಂಗಡಿಯಲ್ಲೇ ಒಂದು ಟವೆಲ್ ಹಾಕಿ ನೋಡಿ. ಕಂಬಿ ತಾಗಿದ ಜಾಗವಷ್ಟೇ ಬೇಗ ಒಣಗುವುದು, ನಾಲ್ಕು ಮಡಿಕೆ ಮಾಡಿ ಹೇರಿದರೆ ನಡುವಿನ ಪದರ ಹಸಿಯಾಗಿಯೇ ಉಳಿಯುತ್ತದೆ.

ಇನ್ನು ನಿಜವಾದ ಕೆಲಸ: ವೈರು ಎಲ್ಲಿಂದ ಬರುತ್ತದೆ? ಬಚ್ಚಲಿನ ಯಾವುದಾದರೂ ಗೋಡೆಯ ಆಚೆ ಮಲಗುವ ಕೋಣೆ ಇದ್ದರೆ ಟೈಲ್ಸ್ ಒಡೆಯುವ ಪ್ರಶ್ನೆಯೇ ಇಲ್ಲ. ವಾರ್ಮರ್‌ನ ಕಾಲು ಕೂರುವ ಜಾಗಕ್ಕೆ ಸರಿಯಾಗಿ ಗೋಡೆಯಲ್ಲಿ ಒಂದೇ ರಂಧ್ರ ಕೊರೆದು, ಪೈಪ್ ತೂರಿಸಿ, ವೈರನ್ನು ಕೋಣೆಯಿಂದಲೇ ತರಬಹುದು. ಸ್ವಿಚ್, ಟೈಮರ್ ಎಲ್ಲ ಕೋಣೆಯಲ್ಲಿ ಒಣಗಿದ ಕಡೆ ಇರುತ್ತವೆ. ರಂಧ್ರ ಬಚ್ಚಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ, ಹನಿ ನುಗ್ಗಿದರೂ ಕೋಣೆಯೊಳಗೆ ಇಳಿಯದು. ಪ್ಲಗ್ ಇರುವ ಮಾದರಿ ಬಿಟ್ಟು, ಕಾಲಿನೊಳಗಿಂದ ವೈರು ಹೋಗುವ ಮಾದರಿ ಕೇಳಿ. ವೈರು ಎಡಗಾಲಿನಲ್ಲೋ ಬಲಗಾಲಿನಲ್ಲೋ ಎಂದು ನೋಡದೆ ಯಾರಿಗೂ ಡ್ರಿಲ್ ಹಿಡಿಯಲು ಬಿಡಬೇಡಿ.

ಟೈಲ್ಸ್ ಮೇಲೆ ಡೈಮಂಡ್ ಬಿಟ್, ನೀರು ಹನಿಸುತ್ತ, ಡ್ರಿಲ್‌ನ ಹ್ಯಾಮರ್ (ಬಡಿತ) ಬಂದ್ ಮಾಡಿ ಕೊರೆಯಬೇಕು. ಭಾರ ಹೊರುವುದು ಟೈಲ್ ಅಲ್ಲ, ಹಿಂದಿನ ಗೋಡೆ. ಜಂಬಿಟ್ಟಿಗೆ ಕಲ್ಲು ತೂತು ತೂತು. ಸ್ಕ್ರೂ ಹಿಡಿಯಲೆಂದು ರಂಧ್ರಕ್ಕೆ ತೂರಿಸುವ ಮಾಮೂಲಿ ಪ್ಲಾಸ್ಟಿಕ್ ಗಟ್ಟಿ ಅದರಲ್ಲಿ ತಿರುಗುತ್ತಲೇ ಇರುತ್ತದೆ, ಕಚ್ಚುವುದಿಲ್ಲ. ಉದ್ದನೆಯ ಗಟ್ಟಿ ಇಲ್ಲವೇ ರಾಳ ತುಂಬಿ ಕೂರಿಸುವ ಕೆಮಿಕಲ್ ಆ್ಯಂಕರ್ ಹಾಕಿಸಿ.

ಪ್ರತ್ಯೇಕ 6 ಆಂಪಿಯರ್ ಎಂಸಿಬಿ, ಅದರ ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಕಡ್ಡಾಯ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಒಳಗೆ ಅರ್ತ್ ವೈರೇ ಇರದಿರುವುದನ್ನು ಬಹಳ ನೋಡಿದ್ದೇನೆ. ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಅರ್ತಿಂಗ್ ಸರಿಯಿಲ್ಲದ ಬಚ್ಚಲಿನಲ್ಲಿ ಲೋಹದ ಕಂಬಿಗೆ ನಾನು ಕರೆಂಟ್ ಕೊಡುವುದಿಲ್ಲ, ಎಷ್ಟು ಹಣ ಕೊಟ್ಟರೂ.

ಅತ್ತೆಯವರ ವಿಷಯ ಹೇಳಿದ್ದರಿಂದ ಇನ್ನೊಂದು ಮಾತು. ಕಾಲು ಜಾರಿದಾಗ ವಯಸ್ಸಾದವರ ಕೈ ಎದುರಿಗೆ ಸಿಕ್ಕ ಕಂಬಿಗೇ ಹೋಗುತ್ತದೆ. ಇದು ಮೈಭಾರ ತಡೆಯುವ ಕಂಬಿಯಲ್ಲ, ಬಿಸಿ ಬೇರೆ. ಅವರು ಕೂತು ಏಳುವ ಜಾಗದಿಂದ ಇದನ್ನು ದೂರ ಹಾಕಿಸಿ. ಕೈಗೆಟಕುವ ಕಡೆ ಹಿಡಿದುಕೊಳ್ಳಲೆಂದೇ ಮಾಡಿದ ಗಟ್ಟಿ ಹಿಡಿಕೆ ಬೇರೆಯಾಗಿ ಕೂರಿಸಿ. ಎರಡನ್ನೂ ಒಂದೇ ದಿನ ಮಾಡಿಸಿಬಿಡಿ.

ಉತ್ತರ (ಹಿಂದವಾಡಿ)

ಎಕ್ಸಾಸ್ಟ್ ಫ್ಯಾನ್ ಇದೆಯೇ? ನಮ್ಮ ಮನೆಯಲ್ಲಿ ವಾರ್ಮರ್ ಇದೆ, ಆದರೆ ಕಿಟಕಿ ಮುಚ್ಚಿಟ್ಟರೆ ಟವೆಲ್‌ನಿಂದ ಎದ್ದ ಹಬೆ ಗೋಡೆಗೆ, ಕನ್ನಡಿಗೆ ಕೂರುತ್ತದೆ. ಮೂಲೆಯಲ್ಲಿ ಕಪ್ಪು ಬೂಸು ಬರುತ್ತದೆ. ತೇವ ಹೊರಗೆ ಹೋಗಲು ದಾರಿ ಬೇಕೇ ಬೇಕು. ಇದರಿಂದ ಬಚ್ಚಲು ಬೆಚ್ಚಗಾಗುತ್ತದೆಂದೂ ಎಣಿಸಬೇಡಿ, 80 ವಾಟ್‌ಗೆ ಅಷ್ಟು ತ್ರಾಣವಿಲ್ಲ.

ಉತ್ತರ (ವಿಜಯಪುರ)

ನಮ್ಮ ಕಡೆ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ, ವಾರ್ಮರ್ ಬೇಕಿಲ್ಲ. ಆದರೆ ಸ್ಟೀಲ್ ಕಂಬಿಗೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕೂರುವ ಸಂಕಟ ಚೆನ್ನಾಗಿ ಗೊತ್ತು. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ತಾಗಿಸಬೇಡಿ, 304 ಸ್ಟೀಲನ್ನೂ ಅದು ತಿನ್ನುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಲ್ಲಿಯ ಎದುರು ಗೋಡೆಯ ಆಚೆ ಅತ್ತೆಯವರ ಕೋಣೆಯೇ ಇದೆ! ಎಕ್ಸಾಸ್ಟ್ ಫ್ಯಾನ್ ಇದೆ, ಸದ್ದು ಮಾಡುತ್ತದೆಂದು ಯಾರೂ ಹಾಕುವುದಿಲ್ಲ, ಬದಲಿಸುತ್ತೇನೆ. ಹಿಡಿಕೆಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಉರಿಸಬೇಕು?

ಉತ್ತರ (ಎಲೆಕ್ಟ್ರಿಷಿಯನ್, ಶಹಾಪುರ)

ಸ್ನಾನಕ್ಕೆ ಅರ್ಧ ಗಂಟೆ ಮೊದಲು ಶುರುವಾಗಿ, ಮುಗಿದ ಮೇಲೆ ಮೂರು ಗಂಟೆ ನಡೆಯುವಂತೆ ಟೈಮರ್ ಇಡಿ. ನಾಲ್ಕು ಗಂಟೆ ಎಂದು ಹಿಡಿದರೂ 80 ವಾಟ್‌ಗೆ ದಿನಕ್ಕೆ 0.32 ಯೂನಿಟ್, ತಿಂಗಳಿಗೆ 10 ಯೂನಿಟ್ಟಿನ ಒಳಗೆ. ಗೃಹಜ್ಯೋತಿಯಲ್ಲಿ ನಿಮಗೆ ಎಷ್ಟು ಯೂನಿಟ್ ಎಂಬುದು ಹೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು ಬರುತ್ತದೆ. ಈಗ 190ರ ಹತ್ತಿರ ಇದ್ದರೆ ಎಚ್ಚರ ಬೇಕು.

ಕೊರೆಯುವ ಮೊದಲು ಆ ಗೋಡೆಯಲ್ಲಿ ನೀರಿನ ಪೈಪು ಹೋಗಿದೆಯೇ ಎಂದು ಪ್ಲಂಬರ್‌ನನ್ನು ಕೇಳಿ. ಟೈಲ್ಸ್ ಹಾಕಿಸುವಾಗ ತೆಗೆದ ಫೋಟೋ ಮೊಬೈಲ್‌ನಲ್ಲಿ ಉಳಿದಿದ್ದರೆ ಅದನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.